ಬ್ರೇಕ್ ಭಾವ ‘ನೋಡೋಣ’ ಅಂದದ್ದು

ಇನ್ನೊಬ್ಬರ ಖುಷಿ ಕೆಡಿಸುವವರಲ್ಲಿ ಬಗೆಗಳಿವೆ, ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವುದು ತಪ್ಪು ಎಂಬುದು ಆ ಮನೆಯ ಯಜಮಾನಿಯ ಖಚಿತ ಅಭಿಪ್ರಾಯವಾಗಿತ್ತು. ಕಲ್ಲು ಹಾಕುವವರು ಕೆಲಸ ಶುರುವಾಗುವ ಮೊದಲೇ ಬರುತ್ತಾರೆ. ಹುಳಿ ಹಿಂಡುವವರು ನಡುವೆ ಬರುತ್ತಾರೆ, ಎಲ್ಲರೂ ನಗುತ್ತಿರುವಾಗ, ಯಾರ ಬಗ್ಗೆಯೋ ಒಂದು ಮಾತು ಹೊತ್ತುಕೊಂಡು. ತಣ್ಣೀರೆರಚುವವರು ಏನನ್ನೂ ನಿಲ್ಲಿಸುವುದಿಲ್ಲ, ಉತ್ಸಾಹವನ್ನಷ್ಟೇ ಇಳಿಸಿ ಹೋಗುತ್ತಾರೆ. ಕೊಕ್ಕೆ ಹಾಕುವವರು ಮೊದಲು ಒಪ್ಪುತ್ತಾರೆ, ಆಮೇಲೆ ‘ಆದ್ರೆ’ ಅನ್ನುತ್ತಾರೆ. ಅಡ್ಡಗಾಲು ಹಾಕುವವರಿಗೆ ಅದರಲ್ಲಿ ಸ್ವಂತ ಲಾಭ ಇರುತ್ತದೆ. ತನ್ನ ಗಂಡ ಕಲ್ಲು, ತಣ್ಣೀರು, ಕೊಕ್ಕೆ ಮೂರಕ್ಕೂ ಸೇರಿದವರು, ಆದರೆ ಹುಳಿಗೂ ಅಡ್ಡಗಾಲಿಗೂ ಅವರನ್ನು ಸೇರಿಸಿದರೆ ಅನ್ಯಾಯವಾಗುತ್ತದೆ ಎಂದು ಆಕೆ ಹೇಳುತ್ತಿದ್ದರು.

ಗಂಡ ನಗರ ಬಸ್ ಡಿಪೋದಲ್ಲಿ ಬ್ರೇಕ್ ತಪಾಸಣೆ ಮಾಡುವವರು. ಬಸ್ಸು ಗೇಟು ದಾಟಬೇಕಾದರೆ ಅವರು ಅದರ ಕೆಳಗಿನ ಗುಂಡಿಗೆ ಇಳಿದು, ಡ್ರಮ್ಮುಗಳನ್ನು ಸುತ್ತಿಗೆಯಿಂದ ತಟ್ಟಿ, ಗಾಳಿಯ ಪೈಪುಗಳಿಗೆ ಕಿವಿಯಿಟ್ಟು, ಮೇಲೆ ಬಂದು ಹೆಬ್ಬೆರಳು ಎತ್ತಬೇಕು. ಹೆಬ್ಬೆರಳು ಏಳದಿದ್ದರೆ ಡ್ರೈವರು ಎಷ್ಟು ಗೋಗರೆದರೂ ಅಷ್ಟೆ. ಡಿಪೋದಲ್ಲಿ ಅವರನ್ನು ‘ಕೆಂಪು ದೀಪ’ ಎಂದು ಕರೆಯುತ್ತಿದ್ದರು. ಮನೆಯ ಕಡೆ ಹೆಂಡತಿಯ ತಮ್ಮ ಇಟ್ಟ ಹೆಸರು ‘ಬ್ರೇಕ್ ಭಾವ’. ಆ ಹೆಸರು ನೆಂಟರಲ್ಲೆಲ್ಲ ಹರಡಿ, ಭಾವ ಆಗದವರೂ ಅವರನ್ನು ಹಾಗೇ ಕರೆಯುತ್ತಿದ್ದರು. ಹೆಂಡತಿಯ ಚಿಕ್ಕಪ್ಪ, ಎದ್ದು ನಿಲ್ಲಲು ಕೋಲು ಬೇಕಾದವರು, ‘ಏನು ಬ್ರೇಕ್ ಭಾವ, ಆರಾಮಾ?’ ಎಂದು ಕೇಳುತ್ತಿದ್ದರು.

ಡಿಪೋದ ಅಭ್ಯಾಸ ಗೇಟಿನಲ್ಲೇ ನಿಲ್ಲುತ್ತಿರಲಿಲ್ಲ. ಮನೆಮಂದಿಯೆಲ್ಲ ಕೆರೆಯಲ್ಲಿ ದೋಣಿ ಹತ್ತಲು ಹೊರಟರೆ, ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ ಎಂದು ದೋಣಿಯವನನ್ನು ಕೇಳುವವರು ಅವರೇ. ಒಂಬತ್ತನೇ ಮಹಡಿಯ ಚಂದದ ಮನೆ ನೋಡಿ ಹೆಂಡತಿ ಬಾಲ್ಕನಿಯಲ್ಲಿ ಮೈಮರೆತು ನಿಂತಿದ್ದಾಗ, ಲಿಫ್ಟ್ ಕೆಟ್ಟರೆ ಎಷ್ಟು ಮೆಟ್ಟಿಲು ಎಂದು ಎಣಿಸಲು ಹೋದವರೂ ಅವರೇ. ಅವರು ದನಿ ಎತ್ತುತ್ತಿರಲಿಲ್ಲ. ನೇರವಾಗಿ ಬೇಡ ಅನ್ನುವುದೂ ಅಪರೂಪ. ಕೇಳಬೇಕಾದ್ದನ್ನೆಲ್ಲ ಕೇಳಿ, ಕೊನೆಗೆ ‘ನೋಡೋಣ’ ಅನ್ನುತ್ತಿದ್ದರು. ಆ ಮನೆತನದಲ್ಲಿ ಅವರ ‘ನೋಡೋಣ’ಕ್ಕೆ ಎರಡನೇ ಅರ್ಥ ಇರಲಿಲ್ಲ. ದೋಣಿ ನೋಡೋಣ ಅಂದರೆ ದೋಣಿ ಇಲ್ಲ. ಒಂಬತ್ತನೇ ಮಹಡಿ ನೋಡೋಣ ಅಂದರೆ ಈಗಿರುವ ಮನೆಯೇ ಗಟ್ಟಿ.

ಮಗಳ ಪ್ರವಾಸದ ದಿನ ಇದು ಕೆಟ್ಟಿತು. ಕಾಲೇಜಿನವರು ಸಮುದ್ರ ನೋಡಲು ಹೊರಟಿದ್ದರು. ಮಗಳನ್ನು ಬಿಡಲು ಹೋದ ಬ್ರೇಕ್ ಭಾವ ಬಾಡಿಗೆ ಬಸ್ಸಿನ ಪಕ್ಕ ನಿಂತಾಗ, ಎಲ್ಲೋ ಗಾಳಿ ಸೋರುವ ಸಣ್ಣ ಸದ್ದು ಕೇಳಿತು. ಆ ಬಸ್ಸಿನ ಬ್ರೇಕು ನಡೆಯುವುದು ಗಾಳಿಯ ಒತ್ತಡದಿಂದ. ಬಸ್ಸು ಹೊರಡಬಾರದು ಎಂದರು. ಅವರ ಕೆಲಸ ಏನೆಂದು ಗೊತ್ತಾದ ಮೇಲೆ ಜತೆಗೆ ಹೊರಟಿದ್ದ ಮೇಷ್ಟ್ರುಗಳಿಗೂ ಧೈರ್ಯ ಬರಲಿಲ್ಲ. ಹುಡುಗಿಯರು ಚೀಲಗಳನ್ನು ಇಳಿಸಿಕೊಂಡು ಮನೆಗೆ ಹೋದರು. ಸಂಜೆ ಮೆಕ್ಯಾನಿಕ್ ನೋಡಿದಾಗ ಸೋರುತ್ತಿದ್ದದ್ದು ಬಾಗಿಲು ತೆಗೆಯುವ ಪೈಪು ಎಂದು ತಿಳಿಯಿತು. ಬ್ರೇಕಿನ ಗಾಳಿಗೆ ಬೇರೆ ತೊಟ್ಟಿ ಇತ್ತು, ಅದು ಸರಿಯಾಗಿತ್ತು. ಯಾರೂ ಕೇಳದಿದ್ದರೂ ಬ್ರೇಕ್ ಭಾವ ಇದನ್ನು ಮನೆಯಲ್ಲಿ ಹೇಳಿದರು.

ಮಗಳು ಕೂಗಾಡಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂಬ ಹಾಗೆ ಕೇಳಿದಳು: “ಅಪ್ಪ, ಬೇರೆಯವರು ಖುಷಿಯಾಗಿದ್ರೆ ನಿಂಗೆ ಆಗೋದೇ ಇಲ್ವಾ?”

ಆ ರಾತ್ರಿಯ ಊಟ ಯಾರಿಗೂ ಸೇರಲಿಲ್ಲ. ಮರುದಿನ ಹೆಂಡತಿ ಒಂದು ಕರಾರು ಮಾಡಿಸಿದರು. ವರ್ಷ ಮುಗಿಯುವ ತನಕ ಡಿಪೋದ ಗೇಟಿನಿಂದ ಹೊರಗೆ ‘ಬೇಡ’ ಇಲ್ಲ, ‘ಆದ್ರೆ’ ಇಲ್ಲ. ಯಾರು ಏನೇ ಹೇಳಲಿ, ನಗುನಗುತ್ತಾ ಒಪ್ಪಬೇಕು. ಬ್ರೇಕ್ ಭಾವ ಒಪ್ಪಿದರು. ಹೆಂಡತಿ ‘ನೋಡೋಣ’ವನ್ನು ಸೇರಿಸಲು ಮರೆತಿದ್ದರು. ಕರಾರು ಗಂಡ, ಹೆಂಡತಿ, ಮಗಳು ಮೂವರ ನಡುವೆಯೇ ಉಳಿಯಿತು. ಬೇರೆ ಯಾರಿಗೂ ಹೇಳಲಿಲ್ಲ.

ಅದೇ ತಿಂಗಳು ಬಾಮೈದನ ಮನೆಯಲ್ಲಿ ಭಾನುವಾರದ ಊಟಕ್ಕೆ ಎಲ್ಲರೂ ಸೇರಿದರು. ಬಾಮೈದ ಮೈಕು, ಸ್ಪೀಕರು, ಲೈಟು ಬಾಡಿಗೆಗೆ ಕೊಡುವವನು. ಅವನು ಕಾಲಿಟ್ಟಲ್ಲಿ ಗದ್ದಲ, ಗದ್ದಲವಿದ್ದಲ್ಲಿ ಅವನು. ತಾಯಿ ಅವನ ಜತೆಗಿದ್ದರು. ಬ್ರೇಕ್ ಭಾವನ ಈ ಅತ್ತೆ ಪ್ರಾಯದಲ್ಲಿ ರೇಡಿಯೋದಲ್ಲಿ ಹಾಡುತ್ತಿದ್ದವರು. ಈಗಲೂ ಬೀದಿಯ ಹಳಬರು ಅವರನ್ನು ‘ರೇಡಿಯೋ ಅಮ್ಮ’ ಅನ್ನುತ್ತಿದ್ದರು. ಹೊರಗಿನವರ ಮುಂದೆ ಅವರು ಬಾಯಿ ತೆರೆದು ಹಾಡಿ ಎಷ್ಟೋ ವರ್ಷಗಳಾಗಿದ್ದವು. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರೆ ಮನೆಗೆಲಸ, ಮಕ್ಕಳು ಎಂದು ಏನಾದರೂ ಹೇಳಿ ಮಾತು ತಿರುಗಿಸುತ್ತಿದ್ದರು.

ಊಟದ ನಡುವೆ ಬಾಮೈದ ಎದ್ದು ನಿಂತು, ನೀರಿನ ಲೋಟವನ್ನು ಮೈಕಿನ ಹಾಗೆ ಹಿಡಿದು, ಒಂದು ಘೋಷಣೆ ಮಾಡಿದ. ಅಮ್ಮನಿಗೆ ಎಪ್ಪತ್ತು ತುಂಬುತ್ತಿದೆ. ಮುಖ್ಯರಸ್ತೆಯ ದೊಡ್ಡ ಹಾಲ್ ಗೊತ್ತು ಮಾಡಿದ್ದಾನೆ. ನೆಂಟರು, ಸ್ನೇಹಿತರು, ಹಳೇ ರೇಡಿಯೋದವರು ಎಲ್ಲರಿಗೂ ಕರೆ ಹೋಗುತ್ತದೆ. ಮೈಕು, ಲೈಟು ಹೇಗೂ ಮನೆಯದೇ. ವೇದಿಕೆಯ ಮೇಲೆ ಅಮ್ಮ ಒಂದು ಗಂಟೆ ಹಾಡುತ್ತಾರೆ.

ಅತ್ತೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ಮಗನ ಮುಖ ನೋಡಿದರು. ಮೊದಲ ಬಹುಮಾನ ತಂದು ಮನೆ ಬಾಗಿಲಲ್ಲಿ ನಿಂತ ಹುಡುಗನ ಮುಖ ಅದು. ಆ ಮುಖಕ್ಕೆ ಒಲ್ಲೆ ಅನ್ನಲು ಅವರಿಂದ ಆಗಲಿಲ್ಲ. ಆಗುವ ಅಗತ್ಯವೂ ಇಲ್ಲ ಎಂದುಕೊಂಡರು, ಯಾಕೆಂದರೆ ಮೇಜಿನ ಅದೇ ಸಾಲಿನಲ್ಲಿ, ಎರಡು ಕುರ್ಚಿ ಆಚೆ, ಅಳಿಯ ಕೂತಿದ್ದರು. ಅತ್ತೆ ಆ ಕಡೆಗೆ ಕಿವಿ ಕೊಟ್ಟರು. ಮಿಕ್ಕವರೂ ಬ್ರೇಕ್ ಭಾವನ ಕಡೆ ತಿರುಗಿದರು. ಒಂದು ಯೋಜನೆ ಮೇಜಿನ ಮೇಲೆ ಬಂದಾಗ ಹಾಗೆ ತಿರುಗುವುದು ಅವರಿಗೆಲ್ಲ ರೂಢಿಯಾಗಿತ್ತು.

ಬ್ರೇಕ್ ಭಾವನ ತಲೆಯಲ್ಲಿ ಪ್ರಶ್ನೆಗಳು ಸಾಲುಗಟ್ಟಿ ನಿಂತಿದ್ದವು. ವೇದಿಕೆಗೆ ಮೆಟ್ಟಿಲು ಎಂಥದ್ದು, ಒಂದು ಗಂಟೆ ನಿಲ್ಲುವುದು ಹೇಗೆ, ಅಷ್ಟು ಲೈಟಿನ ಶಾಖ ಎಪ್ಪತ್ತರ ಜೀವಕ್ಕೆ ತಡೆಯುತ್ತದೆಯೇ. ಹೆಂಡತಿ ಮೇಜಿನ ಕೆಳಗೆ ಅವರ ಕಾಲನ್ನು ಒತ್ತಿದರು. ಅವರು ಪ್ರಶ್ನೆಗಳನ್ನೆಲ್ಲ ಅನ್ನದ ಜತೆ ನುಂಗಿ, ಮುಖ ತುಂಬ ನಕ್ಕು, “ನೋಡೋಣ, ನೋಡೋಣ” ಅಂದರು. ಮುಂದಿನ ಸಾಲಿನಲ್ಲಿ ಕೂತು ಕಾರ್ಯಕ್ರಮ ನೋಡೋಣ ಎಂಬುದು ಅವರ ಮನಸ್ಸಿನಲ್ಲಿದ್ದದ್ದು.

ಎದುರಿಗಿದ್ದ ಬಾಮೈದ ನಗು ನೋಡಿದ. ಬ್ರೇಕ್ ಭಾವನೇ ನಗುತ್ತಾ ಒಪ್ಪಿದರು ಎಂದು ಓಡಿಬಂದು ಅವರ ಭುಜ ಹಿಡಿದು ಕುಲುಕಿದ. ಅದೇ ಸಾಲಿನಲ್ಲಿದ್ದ ಅತ್ತೆಗೆ ಮುಖ ಕಾಣಲಿಲ್ಲ, ಮಾತು ಮಾತ್ರ ಕೇಳಿಸಿತು. ಒಂದಲ್ಲ, ಎರಡು ಸಲ ‘ನೋಡೋಣ’. ವಿಷಯ ಮುಗಿಯಿತು ಎಂದು ಅವರ ಎದೆ ಹಗುರಾಯಿತು. ನಿಲ್ಲಿಸಿದ್ದ ತುತ್ತನ್ನು ಬಾಯಿಗಿಟ್ಟು, ಇನ್ನಷ್ಟು ಬಡಿಸು ಎಂದು ಸೊಸೆಗೆ ತಟ್ಟೆ ನೀಡಿದರು. ಮಗನ ಗದ್ದಲವನ್ನು ಅವರು ಗಣನೆಗೆ ತೆಗೆದುಕೊಳ್ಳಲಿಲ್ಲ. ಅವನು ಯಾವಾಗಲೂ ಹಾಗೆಯೇ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಬಾಮೈದನ ಪ್ರಕಾರ ಅಮ್ಮ ಮನಸ್ಸಿನಲ್ಲೇ ಹಾಡುಗಳನ್ನು ಆರಿಸುತ್ತಿದ್ದಾರೆ, ತೊಂದರೆ ಕೊಡಬಾರದು. ಅತ್ತೆಯ ಪ್ರಕಾರ ಮಗ ಬೇಜಾರಾಗಿ ಸುಮ್ಮನಾಗಿದ್ದಾನೆ, ಕೆಣಕಬಾರದು. ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಂಡರು.

ಒಂದು ಮಧ್ಯಾಹ್ನ ಬಾಮೈದನ ಅಂಗಡಿಯ ವ್ಯಾನು ಮನೆ ಮುಂದೆ ನಿಂತಿತು. ಹುಡುಗರು ಅದರ ಮೇಲಿಂದ ಬಾಗಿಲಿನಷ್ಟು ಎತ್ತರದ ಬ್ಯಾನರು ಇಳಿಸಿ ಕಾಂಪೌಂಡಿಗೆ ಒರಗಿಸಿದರು. ಒಣಗಲು ಹಾಕಿದ ಬಟ್ಟೆ ತೆಗೆಯಲು ಹೊರಗೆ ಬಂದ ಅತ್ತೆಗೆ ತಮ್ಮದೇ ಇಪ್ಪತ್ತೈದರ ಮುಖ ಎದುರಾಯಿತು. ಹಳೇ ರೇಡಿಯೋ ಸ್ಟುಡಿಯೋದ ಫೋಟೋ ಅದು. ಕಣ್ಣು ಅರೆಮುಚ್ಚಿದೆ, ಬಾಯಿ ತೆರೆದಿದೆ. ಕೆಳಗೆ ತಾರೀಕು, ಹಾಲ್‌ನ ವಿಳಾಸ, ‘ಮತ್ತೆ ಅದೇ ದನಿ’ ಎಂಬ ಸಾಲು.

ಅವತ್ತಿನಿಂದ ಅತ್ತೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ತಿರುಗಿಸಿ ಹಾಡಿ ನೋಡತೊಡಗಿದರು. ಕೆಳಗಿನ ಸ್ವರಗಳು ಹೇಳಿದ ಮಾತು ಕೇಳುತ್ತಿದ್ದವು. ಮೇಲಕ್ಕೆ ಹೋದೊಡನೆ ದನಿ ಒಡೆದು ಎರಡಾಗುತ್ತಿತ್ತು. ಮತ್ತೆ ಕೆಳಗಿನಿಂದ ಶುರು ಮಾಡಿದರೂ ಅದೇ ಜಾಗದಲ್ಲಿ ಅದೇ ಒಡಕು. ಕೊನೆಗೆ ಒಂದು ಬೆಳಿಗ್ಗೆ, ತರಕಾರಿ ತರುತ್ತೇನೆ ಎಂದು ಸೊಸೆಗೆ ಹೇಳಿ, ಡಿಪೋಗೆ ಹೋಗುವ ಬಸ್ಸು ಹತ್ತಿದರು.

ಬ್ರೇಕ್ ಭಾವ ಗುಂಡಿಯೊಳಗಿದ್ದರು. ಡ್ರೈವರೊಬ್ಬ ಬಗ್ಗಿ, ನಿಮ್ಮತ್ತೆ ಬಂದಿದ್ದಾರೆ, ಬೇಗ ಮೇಲೆ ಬನ್ನಿ, ಇಲ್ಲದಿದ್ದರೆ ಅವರೇ ಕೆಳಗೆ ಇಳಿಯುತ್ತಾರಂತೆ ಎಂದ. ಯಾರಿಗೋ ಏನೋ ಆಗಿದೆ ಎಂದುಕೊಂಡು ಬ್ರೇಕ್ ಭಾವ ಗಾಬರಿಯಿಂದ ಹತ್ತಿ ಬಂದರು. ಟೈರುಗಳ ರಾಶಿಯ ಪಕ್ಕದ ಬೆಂಚಿನ ಮೇಲೆ ಅತ್ತೆ ಖಾಲಿ ಚೀಲ ಹಿಡಿದು ಕೂತಿದ್ದರು. ಇಷ್ಟು ವರ್ಷದಲ್ಲಿ ಇಬ್ಬರೇ ಎದುರುಬದುರು ಕೂತು ಮಾತಾಡಿದ್ದು ಕಡಿಮೆ. ಅಳಿಯಂದಿರು ಊಟ ಮಾಡಿದರೇ, ಅಳಿಯಂದಿರಿಗೆ ಕಾಫಿ ಕೊಟ್ಟಿರಾ, ಇಷ್ಟೇ. ಅದೂ ಮಗಳ ಮೂಲಕ.

“ಅಳಿಯಂದ್ರೆ, ಅವತ್ತು ನೀವು ನೋಡೋಣ ಅಂದ್ರಿ ತಾನೆ?”

“ಹೌದತ್ತೆ.”

“ಮತ್ಯಾಕೆ ಬ್ಯಾನರ್ ಬಂತು?”

ಬ್ರೇಕ್ ಭಾವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಕಾರ್ಯಕ್ರಮ ನೋಡೋಣ ಎಂಬ ಅರ್ಥದಲ್ಲಿ ಅಂದದ್ದು ಎಂದು ವಿವರಿಸಿದರು. ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

“ಮದುವೆಯಾದಾಗಿಂದ ನೀವು ಯಾವತ್ತಾದ್ರೂ ನೋಡೋಣ ಅಂದು, ಆಮೇಲೆ ನೋಡಿದ್ದುಂಟಾ?”

ಬ್ರೇಕ್ ಭಾವ ಕರಾರಿನ ವಿಷಯ ಹೇಳಬೇಕಾಯಿತು. ಅತ್ತೆ ಅದನ್ನು ಪೂರ್ತಿ ಕೇಳಿ, ತಮ್ಮ ಮಗಳಿಗೆ ಬುದ್ಧಿ ನೆಟ್ಟಗಿದೆಯೇ, ಇಡೀ ವಂಶದಲ್ಲಿ ಬೇಡ ಅನ್ನಲು ಬರುತ್ತಿದ್ದ ಒಬ್ಬರೇ ಒಬ್ಬರನ್ನೂ ಹಾಳು ಮಾಡಿ ಇಟ್ಟಳಲ್ಲ ಎಂದು ಬೈದರು. ಆಮೇಲೆ ಬಚ್ಚಲಿನ ವಿಷಯಕ್ಕೆ ಬಂದರು. ದನಿ ಹೋಗಿದ್ದು ಇವತ್ತಲ್ಲ ನಿನ್ನೆಯಲ್ಲ, ಹಾಡು ನಿಲ್ಲಿಸಿದ್ದೇ ಅದಕ್ಕೆ, ಮಕ್ಕಳ ನೆಪ ಸುಮ್ಮನೆ ಎಂದರು. ಬ್ರೇಕ್ ಭಾವ, ನೆಂಟರ ಮುಂದೆ ತಾನೆ, ಸ್ವಲ್ಪ ಒಡೆದರೆ ಯಾರು ಏನು ಅಂದುಕೊಳ್ಳುತ್ತಾರೆ ಎಂದು ಸಮಾಧಾನ ಮಾಡಲು ನೋಡಿದರು.

“ಯಾರೂ ಏನೂ ಅನ್ನಲ್ಲ. ಎದ್ದು ನಿಂತು ಚಪ್ಪಾಳೆ ತಟ್ತಾರೆ, ಪಾಪ ಅಂತ. ಆ ಚಪ್ಪಾಳೆ ಕೇಳಿಸ್ಕೊಂಡು ನಾನು ಮನೆಗೆ ಬರ್ಬೇಕು. ಅದು ನನ್ನಿಂದಾಗಲ್ಲ, ಅಳಿಯಂದ್ರೆ.”

ಮಗನಿಗೆ ನೇರ ಹೇಳಬಹುದಲ್ಲ ಎಂದು ಅವರು ಕೇಳಿದಾಗ ಅತ್ತೆ ತಲೆ ಅಲ್ಲಾಡಿಸಿದರು. ಹೇಳಿದರೆ ಅವನು ತಕ್ಷಣ ನಿಲ್ಲಿಸುತ್ತಾನೆ, ಆದರೆ ಅಮ್ಮನಿಗೆ ಇಷ್ಟು ದಿನ ನೋವು ಕೊಟ್ಟೆ ಎಂದು ಸಾಯುವ ತನಕ ಕೊರಗುತ್ತಾನೆ. ಅದೇ ಬ್ರೇಕ್ ಭಾವ ಕಲ್ಲು ಹಾಕಿದರೆ ಒಂದು ವಾರ ಬೈದುಕೊಂಡು ಮರೆಯುತ್ತಾನೆ. ನಿಮ್ಮಿಂದ ಎಲ್ಲರೂ ಅದನ್ನೇ ತಾನೆ ಎದುರು ನೋಡುವುದು, ಯಾರಿಗೂ ಬೇಜಾರಾಗುವುದಿಲ್ಲ ಎಂದು ಅವರು ಧೈರ್ಯ ತುಂಬುವ ದನಿಯಲ್ಲಿ ಹೇಳಿದರು. ದೋಣಿಯ ದಿನ ಅಳಿಯಂದಿರು ಅಡ್ಡ ಬರದಿದ್ದರೆ ತಮಗೆ ದಡದಲ್ಲೇ ವಾಂತಿಯಾಗುತ್ತಿತ್ತು ಎಂದರು. ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಮಗಳು ಮೈಮರೆತು ನಿಂತದ್ದಲ್ಲವಂತೆ. ಕೆಳಗೆ ನೋಡಿ ಕಾಲು ಕದಲದೆ ನಿಂತದ್ದಂತೆ. ಆ ರಾತ್ರಿ ಫೋನಿನಲ್ಲಿ, ಸದ್ಯ ಇವರು ನೋಡೋಣ ಅಂದರಮ್ಮಾ ಎಂದಿದ್ದಳಂತೆ.

“ಎಲ್ಲಾ ಸಲನೂ ಹಂಗೇನಾ?” ಬ್ರೇಕ್ ಭಾವ ಕೇಳಿದರು.

“ಎಲ್ಲಾ ಸಲ ಎಲ್ಲಿ. ಆ ಸಮುದ್ರದ ಬಸ್ಸು ನೀವು ಸುಮ್ಸುಮ್ನೆ ನಿಲ್ಸಿದ್ದು. ಮಗುಗೆ ಬೇಜಾರಾಗಿದ್ದು ನ್ಯಾಯ.” ಅತ್ತೆ ಎದ್ದರು. ತಾವು ಬಂದದ್ದು ಮಗನಿಗೆ ಗೊತ್ತಾಗಬಾರದು ಎಂದು ಮಾತು ತೆಗೆದುಕೊಂಡು, ಡಿಪೋದ ಹಿಂದಿನ ಸಂತೆಯಲ್ಲಿ ತರಕಾರಿ ಕೊಂಡು, ಬಂದ ಬಸ್ಸಿನಲ್ಲೇ ಹೋದರು.

ಸಂಜೆ ಬ್ರೇಕ್ ಭಾವ ಬಾಮೈದನ ಅಂಗಡಿಗೆ ಹೋದರು. ಕೆಲಸ ಸುಲಭ ಎಂದು ಅವರ ಎಣಿಕೆ. ಎಲ್ಲೋ ಒಂದು ದೋಷ ಇದ್ದೇ ಇರುತ್ತದೆ, ಅದನ್ನು ಹಿಡಿದು ಎಳೆದರೆ ಸಾಕು. ಅಂಗಡಿಯ ತುಂಬ ಸುರುಳಿ ಸುತ್ತಿದ ವೈರು, ಒಂದರ ಮೇಲೊಂದು ಸ್ಪೀಕರು. ಬಾಮೈದ ನೆಲದ ಮೇಲೆ ಕೂತು ಒಂದು ಪ್ಲಗ್ಗಿನ ಹೊಟ್ಟೆ ಬಿಚ್ಚಿದ್ದ. ಬ್ರೇಕ್ ಭಾವ ಮೆಟ್ಟಿಲಿನಿಂದ ಶುರು ಮಾಡಿದರು. ಮೆಟ್ಟಿಲಿನ ಮೇಲೆ ಇಳಿಜಾರು ಹಲಗೆ ಹಾಕಿಸಿ ಪಕ್ಕಕ್ಕೆ ಹಿಡಿ ಕೊಟ್ಟಾಗಿದೆ ಎಂದ ಬಾಮೈದ. ನಿಲ್ಲುವುದು ಕಷ್ಟವಲ್ಲವೇ ಎಂದರು. ಒರಗುವ ಕುರ್ಚಿ ಇದೆ, ನಡುವೆ ವಿರಾಮವೂ ಇದೆ. ಲೈಟಿನ ಶಾಖ? ಹೊಸ ಬಗೆಯ ಲೈಟು, ಕೈಯಿಟ್ಟರೂ ಬಿಸಿಯಿಲ್ಲ. ವೈರಿಂಗು? ಎಲ್ಲ ಹೊಸದು, ಅರ್ತಿಂಗ್ ಅವನೇ ಪರೀಕ್ಷಿಸಿದ್ದಾನೆ. ಹೊರಬಾಗಿಲು ಎಷ್ಟು? ಅದೂ ನೋಡಿಕೊಂಡಿದ್ದ.

ಕೇಳುತ್ತಾ ಕೇಳುತ್ತಾ ಬ್ರೇಕ್ ಭಾವನಿಗೆ ಒಳಗೊಳಗೇ ಮೆಚ್ಚುಗೆಯಾಗಿ, ಅದರ ಹಿಂದೆಯೇ ಭಯವೂ ಆಯಿತು. ದೋಷ ಸಿಗಲಿಲ್ಲ. ಡಿಪೋದಲ್ಲಾಗಿದ್ದರೆ ಈ ಹೊತ್ತಿಗೆ ಹೆಬ್ಬೆರಳು ಎತ್ತಬೇಕಿತ್ತು. ಕಾರಣ ಕೈಯಲ್ಲಿಲ್ಲದೆ ಅವರು ಯಾವತ್ತೂ ಯಾವುದನ್ನೂ ನಿಲ್ಲಿಸಿದವರಲ್ಲ. ತಪ್ಪು ಕಾರಣವಾದರೂ ಒಂದು ಇರುತ್ತಿತ್ತು.

“ಬೇಡ,” ಅಂದರು.

“ಏನು ಬೇಡ, ಭಾವ?”

“ಅತ್ತೆ ಹಾಡೋದು ಬೇಡ. ಊಟ ಇರಲಿ, ಕೇಕು ಇರಲಿ. ಹಾಡು ಬೇಡ.”

“ಯಾಕೆ?”

“ಯಾಕೆ ಅಂತಿಲ್ಲ. ಬೇಡ.”

ಬಾಮೈದ ಸ್ಕ್ರೂಡ್ರೈವರು ಕೆಳಗಿಟ್ಟ. ನಂತರ ಅವನು ಆಡಿದ್ದರಲ್ಲಿ ಅಕ್ಕನ ಪಟ್ಟಿಯ ಪದಗಳೆಲ್ಲ ಬಂದವು, ಪಟ್ಟಿಯಲ್ಲಿ ಇಲ್ಲದವೂ ಬಂದವು. ಭಾವ ಊಟದಲ್ಲಿ ಸಿಕ್ಕುವ ಕಲ್ಲು ಎಂದ. ಹಾಲಿಗೆ ಬಿದ್ದ ಉಪ್ಪಿನ ಹರಳು ಎಂದ. ಹಗಲಿಗೆ ಹಿಡಿದ ಗ್ರಹಣ, ಬಾಗಿಲಿಗೆ ಬಂದು ಕೂತ ಶನಿ, ಮಕ್ಕಳ ಆಟಕ್ಕೆ ಬಿಟ್ಟ ಗುಮ್ಮ ಎಂದ. ರಸಭಂಗ ಎಂಬ ಪದವನ್ನು ಮಾಡಿದವರು ಇವರನ್ನು ಎದುರಿಗೆ ಕೂರಿಸಿಕೊಂಡೇ ಮಾಡಿರಬೇಕು ಎಂದ. ಬ್ರೇಕ್ ಭಾವ ಎಲ್ಲವನ್ನೂ ನಿಂತೇ ಕೇಳಿದರು. ಹುಳಿ ಹಿಂಡುವವರು ಎಂದಾಗ ಮಾತ್ರ, ಅದೊಂದು ಅನ್ನಬೇಡ, ಅದು ಬೇರೆ ಎಂದು ತಿದ್ದಿದರು.

ಇದನ್ನು ಕೇಳಿ ಬಾಮೈದನ ಬೈಗುಳ ನಿಂತಿತು. ಅವನು ಒಂದು ಸ್ಪೀಕರಿನ ಮೇಲೆ ಕೂತು ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. ಬೆರಳುಗಳ ನಡುವಿನಿಂದ ಕೇಳಿದ:

“ಅಮ್ಮ ಹೇಳಿದ್ರಾ?”

“ಬೇಡ ಅಂತಿರೋನು ನಾನು. ನನ್ನನ್ನ ಕೇಳು.”

ಬಾಮೈದ ಯಾರಿಗೂ ಹೇಳದ ಒಂದು ವಿಷಯ ಹೇಳಿದ. ಬ್ಯಾನರು ಬಂದ ಮೇಲೆ ಒಂದು ದಿನ, ಮರೆತ ಕೇಬಲ್ ತರಲು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಹೋಗಿದ್ದ. ಬಚ್ಚಲಲ್ಲಿ ನೀರು ಬೀಳುತ್ತಿತ್ತು. ನೀರಿನ ಸದ್ದಿನ ಹಿಂದೆ ಅಮ್ಮ. ಹಗಲೂ ರಾತ್ರಿ ದನಿಗಳ ಜತೆ ಕೆಲಸ ಮಾಡುವ ಕಿವಿ ಅವನದು, ಒಡಕು ಎಲ್ಲಿದೆ ಎಂದು ತಕ್ಷಣ ಗೊತ್ತಾಯಿತು. ಮತ್ತೆ ಶುರು ಮಾಡಿ ಮತ್ತೆ ಅಲ್ಲೇ ನಿಂತದ್ದೂ ಕೇಳಿತು. ಕೇಬಲ್ ಎತ್ತಿಕೊಂಡು ಬೆಕ್ಕಿನ ಹಾಗೆ ಹೊರಗೆ ಬಂದಿದ್ದ. ಅಷ್ಟರಲ್ಲಿ ಊರಿಗೆಲ್ಲ ಕರೆ ಹೋಗಿತ್ತು. ತಾನೇ ನಿಲ್ಲಿಸಿದರೆ, ನಿನ್ನ ದನಿ ಕೇಳಿದೆ ಎಂದು ಅಮ್ಮನಿಗೆ ಹೇಳಿದಂತೆ ಆಗುತ್ತದೆ. ಅದು ಅವನಿಗೆ ಸಾಧ್ಯವಿರಲಿಲ್ಲ.

“ಯಾರಾದ್ರೂ ಒಬ್ರು ಬೇಡ ಅನ್ನಲಿ ಅಂತ ಕಾಯ್ತಿದ್ದೆ, ಭಾವ. ನೀವು ಅಂತೀರಿ ಅಂತ ಕಾಯ್ತಿದ್ದೆ. ನೀವು ನೋಡಿದ್ರೆ ಸಿಕ್ಕಾಗೆಲ್ಲ ಹಲ್ಲು ಬಿಡ್ತಿದ್ರಿ. ಎಲ್ಲದಕ್ಕೂ ಅಡ್ಡ ಬರೋ ಮನುಷ್ಯನೇ ಹೂಂ ಅಂದ್ಮೇಲೆ ನಾನೇ ಏನೋ ತಪ್ಪು ಕೇಳಿಸ್ಕೊಂಡಿರ್ಬೇಕು ಅಂದ್ಕೊಂಡೆ.”

ತಮ್ಮ ಹೂಂಗೆ ಇಷ್ಟು ತೂಕವಿದೆ ಎಂಬುದು ಬ್ರೇಕ್ ಭಾವನಿಗೆ ಹೊಸ ಸುದ್ದಿ. ಅವರೂ ಎದುರಿನ ಸ್ಪೀಕರಿನ ಮೇಲೆ ಕೂತರು. ಇಬ್ಬರ ಬೆನ್ನೂ ಒಟ್ಟಿಗೆ ಸಡಿಲಾಯಿತು. ಮುಂದಿನದನ್ನು ಬೇಗ ಮಾತಾಡಿ ಮುಗಿಸಿದರು. ಹಾಲ್ ಇರುತ್ತದೆ, ಜನ ಬರುತ್ತಾರೆ, ಊಟ ನಡೆಯುತ್ತದೆ. ಹಾಡು ಯಾಕಿಲ್ಲ ಎಂದು ಯಾರೇ ಕೇಳಿದರೂ ಉತ್ತರ ಒಂದೇ, ಬ್ರೇಕ್ ಭಾವ ಬಿಡಲಿಲ್ಲ. ಅಮ್ಮನಿಗೆ ಮಗ ಕೇಳಿಸಿಕೊಂಡದ್ದು ಗೊತ್ತಾಗಬೇಕಿಲ್ಲ. ಮಗ ಇನ್ನೇನನ್ನೂ ಕೇಳಬೇಕಿಲ್ಲ. ಬ್ಯಾನರಿನ ಕೆಳಗಿನ ಸಾಲನ್ನು ಕತ್ತರಿಸಿ ತೆಗೆದು ಫೋಟೋ ಮಾತ್ರ ಇಡುವುದೆಂದು ಬಾಮೈದನೇ ಹೇಳಿದ. ಹೊರಡುವಾಗ ಅವನು ಭಾವನಿಗೆ ಚಹಾ ತರಿಸಿದ. ಬೈದ ಗಂಟಲು ಅವನದು, ಆದರೆ ಚಹಾ ಹೆಚ್ಚು ಬೇಕಾಗಿದ್ದದ್ದು ಭಾವನಿಗೆ.

ಮನೆಯಲ್ಲಿ ಕರಾರು ಮುರಿದದ್ದನ್ನು ಅವರೇ ಹೇಳಿದರು. ಹೆಂಡತಿಗೆ ಅದಾಗಲೇ ತಾಯಿಯಿಂದ ಫೋನು ಬಂದಿತ್ತು. ಫೋನಿನಲ್ಲಿ ಏನು ಮಾತಾಯಿತೋ, ಹೆಂಡತಿ ಕರಾರಿನ ಮಾತು ಮತ್ತೆ ಎತ್ತಲಿಲ್ಲ. ಒಂಬತ್ತನೇ ಮಹಡಿಯ ವಿಷಯ ಬ್ರೇಕ್ ಭಾವನೂ ಎತ್ತಲಿಲ್ಲ. ಮಗಳು ಎಲ್ಲ ಕೇಳಿ, ಅಜ್ಜಿಯ ವಿಷಯ ಸರಿ, ಬಸ್ಸಿನ ವಿಷಯ ಬೇರೆ, ಅದು ಇನ್ನೂ ಬಾಕಿ ಇದೆ ಎಂದಳು. ಅಪ್ಪ ಹೌದೆಂದು ಒಪ್ಪಿದರು.

ಹುಟ್ಟುಹಬ್ಬದ ಸಂಜೆ ಹಾಲ್ ತುಂಬಿತು. ವೇದಿಕೆಯ ಮೇಲೆ ಇಪ್ಪತ್ತೈದರ ಮುಖದ ಫೋಟೋ, ಅದಕ್ಕೆ ಬಿಸಿಯಿಲ್ಲದ ಲೈಟು. ಕೇಕು ಕತ್ತರಿಸಿದ ಮೇಲೆ ಬಾಮೈದ ಮೈಕು ಹಿಡಿದು, ಹಾಡಿನ ಕಾರ್ಯಕ್ರಮ ರದ್ದಾಗಿದೆ, ಕಾರಣ ಬೇಕಾದವರು ಎರಡನೇ ಸಾಲಿನಲ್ಲಿ ಕೂತಿರುವ ಬ್ರೇಕ್ ಭಾವನನ್ನು ಕೇಳಬಹುದು ಎಂದು ಹೇಳಿ ಕೈ ತೋರಿಸಿದ. ಇಡೀ ಹಾಲ್ ಓ ಎಂದು ನಕ್ಕು ಅವರ ಕಡೆ ತಿರುಗಿತು. ಕೋಲೂರಿಕೊಂಡು ಬಂದ ಚಿಕ್ಕಪ್ಪ, ಬಸ್ಸು ನಿಲ್ಲಿಸಿ ಸಾಲದೆ ಬಾಯಿಯನ್ನೂ ನಿಲ್ಲಿಸಿದೆಯಲ್ಲಯ್ಯ ಎಂದು ತರಾಟೆಗೆ ತೆಗೆದುಕೊಂಡರು. ಒಬ್ಬರು ಕಲ್ಲು ಅಂದರು, ಇನ್ನೊಬ್ಬರು ತಣ್ಣೀರು ಅಂದರು. ಹಾಡು ಕೇಳಲೆಂದೇ ಎರಡು ಬಸ್ಸು ಬದಲಿಸಿ ಬಂದ ಹಳೇ ನೆರೆಯಾಕೆ ಏನೂ ಅನ್ನದೆ ಅವರನ್ನು ನೋಡಿ ಮುಖ ತಿರುಗಿಸಿದರು. ಅದು ನಾಟಿತು.

ಅತ್ತೆ ಮುಂದಿನ ಸಾಲಿನಿಂದ ಎದ್ದು ಬಂದು ಅಳಿಯನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ತಟ್ಟೆಯ ತುಂಬ ಬಡಿಸಿಕೊಂಡಿದ್ದರು. ಎಷ್ಟೋ ವಾರಗಳ ನಂತರ ಹೊಟ್ಟೆ ತುಂಬ ತಿನ್ನುತ್ತಿರುವವರ ಹಾಗೆ, ಯಾರ ಕಡೆಯೂ ನೋಡದೆ, ಶ್ರದ್ಧೆಯಿಂದ ತಿಂದರು. ರೇಡಿಯೋದಲ್ಲಿ ಹಿಂದೆ ಕೆಲಸ ಮಾಡುತ್ತಿದ್ದ, ಈಗ ಕಣ್ಣು ಮಂಜಾದ ಒಬ್ಬರು ಮೊಮ್ಮಗನ ಕೈ ಹಿಡಿದು ಅವರನ್ನು ಹುಡುಕಿಕೊಂಡು ಬಂದರು. ನಿಮ್ಮ ದನಿ ಇನ್ನೂ ಹಾಗೇ ಕಿವಿಯಲ್ಲಿದೆ, ಮೇಲಿನ ಸ್ವರದಲ್ಲಿ ನಿಲ್ಲಿಸುತ್ತಿದ್ದಿರಲ್ಲ, ಆ ನಿಲುವು ಆಮೇಲೆ ಇನ್ನೊಬ್ಬರಲ್ಲಿ ಕೇಳಲಿಲ್ಲ ಎಂದರು. ಅತ್ತೆ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿಸಿಕೊಂಡರು. ಒಂದೇ ಒಂದು ಸಾಲು, ಇಲ್ಲೇ ಕೂತು, ನನಗೋಸ್ಕರ ಎಂದು ಆ ಮಂಜುಗಣ್ಣಿನವರು ಬೇಡಿದರು. ಸುತ್ತಲಿನವರೂ ಕತ್ತು ಚಾಚಿದರು.

ಅತ್ತೆ ನಿಟ್ಟುಸಿರು ಬಿಟ್ಟರು.

“ನಂಗೇನೋ ಹಾಡ್ಬೇಕು ಅಂತ್ಲೇ ಇತ್ತು. ಏನ್ಮಾಡೋದು, ನಮ್ಮಳಿಯಂದ್ರು ಬಿಡಲ್ಲ.”

ಎಲ್ಲರೂ ಬ್ರೇಕ್ ಭಾವನ ಕಡೆ ನೋಡಿದರು. ಬ್ರೇಕ್ ಭಾವ, ಹೌದು, ಬಿಡುವುದಿಲ್ಲ ಎಂದರು. ಮಂಜುಗಣ್ಣಿನವರು ತಲೆಯಾಡಿಸಿ, ಹೋಗಲಿ ಬಿಡಿ, ನನ್ನ ಕಿವಿಯಲ್ಲಿ ಇದೆಯಲ್ಲ ಎಂದು ಮೊಮ್ಮಗನ ಜತೆ ಹೊರಟರು. ಅವರು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬ್ರೇಕ್ ಭಾವನ ಭುಜ ಅಲುಗತೊಡಗಿತು. ಅತ್ತೆ ಕೈಯಲ್ಲಿದ್ದ ಸಿಹಿಯನ್ನು ಅರ್ಧ ಮುರಿದು ಅವರ ತಟ್ಟೆಗೆ ಹಾಕಿ, ತುಟಿ ಅಲ್ಲಾಡಿಸದೆ ಹೇಳಿದರು:

“ನಗ್ಬೇಡಿ, ಅಳಿಯಂದ್ರೆ. ಸ್ವಲ್ಪ ಮುಖ ಗಂಟು ಹಾಕ್ಕೊಳ್ಳಿ. ಇನ್ನೂ ಈ ಕಡೆನೇ ನೋಡ್ತಿದಾರೆ.”

ಬ್ರೇಕ್ ಭಾವ ಪ್ರಯತ್ನಪಟ್ಟರು.